ಚೌಡಕ್ಕ ಕೂಗದೆ ಉಳಿದ ದಿನ

ಮಕ್ಕಳೇ, ಮಾತಿನಲ್ಲಿ ಬಲು ಚುರುಕಾದವರೊಬ್ಬರು ನಿಮ್ಮ ತರಗತಿಯಲ್ಲೂ ಇರುತ್ತಾರೆ. ಅವರ ಮಾತಿಗೆ ನಗದೆ ಇರುವುದು ಕಷ್ಟ. ನಾನೂ ನಕ್ಕವನೇ. ಅದಕ್ಕೇ ಈ ಕತೆ ಹೇಳಲು ನನಗೆ ಸ್ವಲ್ಪ ನಾಚಿಕೆ.

ಕಾಡಿನ ನಡುವೆ ಒಂದು ಕೆರೆ. ದಂಡೆಯ ಹೊನ್ನೆಮರದ ಪೊಟರೆಯಲ್ಲಿ ಸೂರಪ್ಪ ಎಂಬ ಗೊರವಂಕ, ಅವನ ಹೆಂಡತಿ, ಇನ್ನೂ ಕಣ್ಣು ಬಿಡದ ಮೂರು ಮರಿಗಳು. ಮರದ ಕೆಳಗಿನ ಕಲ್ಲುಗಳ ನಡುವೆ ಚೌಡಕ್ಕ ಎಂಬ ಟಿಟ್ಟಿಭ ಹಕ್ಕಿ ಮೊಟ್ಟೆಯಿಟ್ಟಿದ್ದಳು. ಟಿಟ್ಟಿಭಗಳದು ನೆಲದ ಮೇಲಿನ ಸಂಸಾರ. ಏನೇ ಅಲ್ಲಾಡಿದರೂ ಕೂಗಿ ಎಚ್ಚರಿಸುವುದು ಅವುಗಳ ರೂಢಿ.

ಸಂಜೆ ನೀರಿಗೆ ಬಂದವರೆಲ್ಲ ಸೂರಪ್ಪನ ಮಾತು ಕೇಳಲು ನಿಲ್ಲುತ್ತಿದ್ದರು.

“ಮೊಲರಾಯರು ಓಡುವುದನ್ನು ಕಲಿತರು, ಎಲ್ಲಿಗೆ ಅಂತ ಕೇಳುವುದನ್ನು ಕಲಿಯಲಿಲ್ಲ” ಎಂದರೆ ಮೊಲವೂ ನಗುತ್ತಿತ್ತು.

ಒಂದು ಸಂಜೆ ಚೌಡಕ್ಕ ಕಿರುಚಿದಳು. ಎಲ್ಲರೂ ದಿಕ್ಕಾಪಾಲಾಗಿ ಓಡಿದರು. ನೋಡಿದರೆ, ಗಾಳಿಗೆ ಉರುಳಿಬಂದ ತೊಗಟೆಯ ಚೂರು!

“ಚೌಡಕ್ಕಾ, ಪಾಪ, ಆ ತೊಗಟೆ ನಿನ್ನ ಗಂಟಲು ಕೇಳಿ ಹೆದರಿಕೊಂಡಿದೆ. ಸ್ವಲ್ಪ ನೀರು ಕುಡಿಸು” ಎಂದ ಸೂರಪ್ಪ.

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಮರುದಿನದಿಂದ ಅವಳು ಬಾಯಿ ತೆರೆದರೆ ಸಾಕು, ಜಿಂಕೆಮರಿಗಳೂ “ತೊಗಟೆ ಬಂತು, ತೊಗಟೆ!” ಎನ್ನತೊಡಗಿದವು. ಚೌಡಕ್ಕ ಕೂಗುವುದನ್ನು ಕಡಿಮೆ ಮಾಡಿದಳು. ಆಮೇಲೆ ಬಿಟ್ಟೇಬಿಟ್ಟಳು. ತನ್ನ ಒಂದು ಮಾತಿಗೆ ಎಷ್ಟು ಬಲ ನೋಡಿ ಎಂದು ಸೂರಪ್ಪ ಬೀಗಿದ.

ಒಂದು ಮಧ್ಯಾಹ್ನ ಗಂಡಹೆಂಡಿರು ಹುಳ ತರಲು ಹೋಗಿ ಬಂದಾಗ ಪೊಟರೆ ಖಾಲಿಯಾಗಿತ್ತು.

“ಚೌಡಕ್ಕಾ! ನೀನು ಇಲ್ಲೇ ಇದ್ದೆಯಲ್ಲ, ಏನೂ ಕಾಣಲಿಲ್ಲವೇ?”

“ಕಂಡೆ ಅಣ್ಣಾ. ಕೇರೆಹಾವು. ಬುಡದಲ್ಲಿ ಇದ್ದಾಗಲೇ ಕಂಡೆ.”

“ಮತ್ತೆ ಕೂಗಬಾರದಿತ್ತೇ?”

“ಬಾಯಿ ತೆರೆದೆ. ಬಳ್ಳಿಯೇ ಆಗಿಬಿಟ್ಟಿದ್ದರೆ ಎಲ್ಲರೂ ಮತ್ತೆ ನಗುತ್ತಾರಲ್ಲ ಅನ್ನಿಸಿತು. ಇನ್ನೊಮ್ಮೆ ಸರಿಯಾಗಿ ನೋಡೋಣ ಅಂತ ತಡೆದೆ. ಅಷ್ಟರಲ್ಲಿ ಅದರ ಬಾಲ ಮಾತ್ರ ಪೊಟರೆಯ ಹೊರಗಿತ್ತು” ಎಂದು ಚೌಡಕ್ಕ ಬಿಕ್ಕಿಬಿಕ್ಕಿ ಅತ್ತಳು.

ಸೂರಪ್ಪನ ಹೆಂಡತಿ ಕೊಕ್ಕಿನಲ್ಲಿದ್ದ ಹುಳವನ್ನು ಬಿಡದೆ ಪೊಟರೆಯ ಬಾಗಿಲಲ್ಲೇ ಕೂತಿದ್ದಳು. ಪಾಪ, ಯಾರಿಗೆ ಉಣಿಸುವುದು?

ಸಂಜೆಯಾಯಿತು. ಏನೂ ಅರಿಯದ ಪ್ರಾಣಿಗಳು ಎಂದಿನಂತೆ ಮರದ ಕೆಳಗೆ ಸೇರಿದವು.

“ಏನು ಸೂರಪ್ಪ, ಇವತ್ತು ಮಾತೇ ಇಲ್ಲ?” ಎಂದು ಮೊಲ ಕೇಳಿತು.

“ನನ್ನ ಮರಿಗಳು ಹೋದವು” ಎಂದ ಸೂರಪ್ಪ.

ಇದೂ ಒಂದು ಹೊಸ ತಮಾಷೆ ಇರಬೇಕು ಎಂದುಕೊಂಡು ಎಲ್ಲರೂ ನಕ್ಕರು.

ನೀತಿ: ಎಚ್ಚರಿಸುವವರ ಬಾಯಿಯನ್ನು ನಗೆಯಾಡಿ ಮುಚ್ಚಿಸಿದರೆ, ಆಪತ್ತು ಸದ್ದಿಲ್ಲದೆ ನಮ್ಮ ಮನೆಗೇ ಬರುತ್ತದೆ.