ವಾಪಸು ಬಂದ ಬಾಗಿಲು

ಚೀನಾದವರು ತಮ್ಮತಮ್ಮಲ್ಲೇ ಕಾದಾಡುತ್ತಿದ್ದ ಕಾಲದಲ್ಲಿ ರಾಷ್ಟ್ರೀಯವಾದಿ ಪಡೆಯ ದೊಡ್ಡ ಲಾರಿಯೊಂದು ಕೆಸರಲ್ಲಿ ಹೂತುಹೋಯಿತು. ಸಿಪಾಯಿಗಳು ಹಳ್ಳಿಯ ಮನೆಬಾಗಿಲುಗಳನ್ನು ಕಿತ್ತುತಂದು ಗಾಲಿಯಡಿ ಕೊಟ್ಟರು. ಲಾರಿ ಅಲುಗಲಿಲ್ಲ. ಅದನ್ನು ಅಲ್ಲೇ ಬಿಟ್ಟು ನಡೆದರು.

ಅದೇ ದಾರಿಯಲ್ಲಿ ಗೆಂಗ್ ಎಂಬ ಅಜ್ಜನ ಒಂಟಿಗಾಲಿಯ ತಳ್ಳುಗಾಡಿ ಕಿರುಗುಟ್ಟುತ್ತ ಬಂತು. ಅದರ ಮೇಲೆ ಕಮ್ಯುನಿಸ್ಟ್ ಪಡೆಗೆ ಒಯ್ಯುವ ನವಣೆ ಮೂಟೆಯಿತ್ತು. ಲಾರಿಯ ಗಾತ್ರ ಕಂಡು ಗಾಡಿ ಅದರ ಪಕ್ಕದಲ್ಲೇ ನಿಂತಿತು.

"ಎಲೈ ಗಾಡಿ, ನಿನ್ನಂಥ ನೂರರ ಹೊರೆಯನ್ನು ನಾನೊಬ್ಬನೇ ಹೊರಬಲ್ಲೆ," ಎಂದಿತು ಲಾರಿ. "ಈ ಮುದುಕ ಯಾರ ಚಾಟಿಗೆ ಹೆದರಿ ನಿನ್ನನ್ನು ತಳ್ಳುತ್ತಿದ್ದಾನೆ?"

"ಚಾಟಿ ಯಾಕೆ ಸ್ವಾಮಿ, ಒಂದು ಬಾಗಿಲು ಸಾಕಾಯಿತು," ಎಂದಿತು ಗಾಡಿ. "ಕಮ್ಯುನಿಸ್ಟ್ ಸಿಪಾಯಿಗಳೂ ಮಲಗಲು ಹಲಗೆ ಬೇಕೆಂದು ನಮ್ಮ ಬಾಗಿಲನ್ನು ಕೇಳಿ ಒಯ್ದರು. ಬೆಳಗಾದ ಮೇಲೆ ತಂದು ಕೂರಿಸಿದರು. ನೋಡಿದರೆ ಅದು ಪಕ್ಕದ ಮನೆಯದು! ಅಜ್ಜ ನಕ್ಕುಬಿಟ್ಟ. ಮಧ್ಯಾಹ್ನ ಒಬ್ಬ ಸಿಪಾಯಿ ಎರಡು ಹರದಾರಿ ಹಿಂದಕ್ಕೆ ನಡೆದುಬಂದು, 'ತಪ್ಪಾಯಿತು ಅಜ್ಜ' ಎಂದು ಎರಡನ್ನೂ ಅದಲುಬದಲು ಮಾಡಿ ಕೂರಿಸಿ ಹೋದ. ಅವತ್ತಿನಿಂದ ಅವರಿಗೆ ಕಾಳು ಸಾಗಿಸುತ್ತ ಅಜ್ಜ ಮನೆಯಲ್ಲಿ ನಿಂತದ್ದೇ ಇಲ್ಲ."

"ಹಾಗಾದರೆ ನನ್ನನ್ನೂ ಒಂಚೂರು ತಳ್ಳಲಿ," ಎಂದಿತು ಲಾರಿ.

ಅಷ್ಟರಲ್ಲಿ ಅಜ್ಜ ಕೆಸರಿಗೆ ಇಳಿದೇಬಿಟ್ಟಿದ್ದ. ಈ ಪುಣ್ಯಾತ್ಮ ಲಾರಿಯನ್ನೂ ತಳ್ಳಿಬಿಡುತ್ತಾನೇನೋ ಎಂದು ಗಾಡಿಗೆ ಗಾಬರಿ. ಅಜ್ಜ ಗಾಲಿಯಡಿಯಿಂದ ಮುರಿಯದೆ ಉಳಿದಿದ್ದ ಒಂದು ಬಾಗಿಲನ್ನು ಅಲ್ಲಾಡಿಸಿ ಎಳೆದು, ತೋಳಿನಿಂದ ಒರೆಸಿ, ಮೂಟೆಯ ಮೇಲೆ ಹೇರಿದ.

"ಯಾರ ಮನೆಯದೋ ಪಾಪ, ಕೇಳಿಕೊಂಡು ಹೋಗೋಣ," ಎಂದು ಗಾಡಿಯನ್ನು ತಳ್ಳಿದ.

ಹಿಂದೆ ಲಾರಿ ಇನ್ನೊಂದು ಗೇಣು ಕುಸಿಯಿತು.