ಬಂಡೆ ಬಿಡದ ಕಡಲಕಳೆ

ಒಂದು ಕಾಡು ಇಳಿದು ಇಳಿದು ಕಡಲ ಬಂಡೆಗಳವರೆಗೂ ಬಂದಿತ್ತು. ಆ ಬಂಡೆಗಳ ನಡುವೆ ಒಂದು ತಾಯಿ ಏಡಿಯೂ ಅದರ ಮಗಳು ಚಿಮ್ಮಿಯೂ ಇದ್ದವು.

ಏಡಿಗಳದ್ದು ಒಂದು ಪೇಚು. ಮೈ ಬೆಳೆಯುತ್ತದೆ, ಚಿಪ್ಪು ಬೆಳೆಯುವುದಿಲ್ಲ. ಅವತ್ತು ಚಿಮ್ಮಿ ಹಳೆಯ ಚಿಪ್ಪು ಕಳಚಿತ್ತು. ಹೊಸದು ಗಟ್ಟಿಯಾಗುವವರೆಗೆ ಅದರ ಮೈ ಬೆಣ್ಣೆಯಷ್ಟು ಮೆತ್ತಗೆ. ಯಾರು ಬೇಕಾದರೂ ಒಂದೇ ತುತ್ತಿಗೆ ನುಂಗಬಹುದಿತ್ತು. ತಾಯಿಗೆ ಅದೇ ಭಯ.

"ಕಂದು ಕಡಲಕಳೆಯ ಅಡಿಯಲ್ಲಿ ಬಚ್ಚಿಟ್ಟುಕೊಳ್ಳೋಣ, ಪುಟ್ಟಾ" ಎಂದಿತು ತಾಯಿ. "ಅದರ ಎಲೆ ತೊಗಲಿನ ಪಟ್ಟಿಯ ಹಾಗೆ ಉದ್ದ ಇರುತ್ತೆ. ಆದರೆ ಬರೀ ಎಲೆ ನೋಡಿ ನಂಬಬೇಡ. ಬುಡ ನೋಡು. ಬೆರಳಿನಂಥ ಬೇರುಗಳು ಕಲ್ಲನ್ನು ಗಟ್ಟಿಯಾಗಿ ಹಿಡಿದಿರಬೇಕು."

ಕಾಡಂಚಿನ ಪೊದೆಯಲ್ಲಿದ್ದ ಒಂದು ನರಿಗೂ ಇದು ಕೇಳಿಸಿತು. ಆದರೆ ಎಲೆಯ ಮಾತು ಮುಗಿಯುವಷ್ಟರಲ್ಲಿ ಅದರ ಬಾಯಲ್ಲಿ ನೀರೂರಿ, ಬುಡದ ಮಾತು ತಲೆಗೆ ಹೋಗಲೇ ಇಲ್ಲ. ದಡಕ್ಕೆ ಬಂದು ಬಿದ್ದಿದ್ದ ಕಂದು ಎಲೆಗಳನ್ನು ಮೈತುಂಬ ಹೊದ್ದು ಬಂಡೆಯ ಮೇಲೆ ಮುದುರಿ ಮಲಗಿತು.

"ಅಮ್ಮಾ, ಅಲ್ಲಿ ಎಷ್ಟು ದೊಡ್ಡದಿದೆ ನೋಡು. ನಂಗೆ ಸುಸ್ತಾಗಿದೆ" ಎಂದಿತು ಚಿಮ್ಮಿ.

"ಬಾ ಮಗಳೇ, ನನ್ನ ಅಡಿ ಬೆಚ್ಚಗಿದೆ" ಎಂದಿತು ಎಲೆಯೊಳಗಿನ ನರಿ, ದನಿ ಸಣ್ಣ ಮಾಡಿ.

ತಾಯಿ ಏಡಿ ಮಗಳನ್ನು ಹಿಂದೆ ನಿಲ್ಲಿಸಿ ಒಂದು ಎಲೆ ಹಿಡಿದು ಎಳೆಯಿತು. ಅದು ಸಲೀಸಾಗಿ ಕೈಗೆ ಬಂತು.

"ಅದು ಹಣ್ಣೆಲೆ ಕಣಕ್ಕಾ. ನನ್ನ ಬೇರು ಬಹಳ ಗಟ್ಟಿ" ಎಂದಿತು ನರಿ.

"ಆಗಲಪ್ಪ. ನೀರು ಏರ್ತಾ ಇದೆ. ಅಲೆ ಬಂದು ಹೋದ ಮೇಲೂ ನೀನು ಇಲ್ಲೇ ಇದ್ದರೆ ಬರ್ತೀವಿ" ಎಂದು ತಾಯಿ ಮಗಳನ್ನು ಕರೆದುಕೊಂಡು ಕಲ್ಲಿನ ಸಂದಿಗೆ ಸರಿಯಿತು.

ಎದ್ದು ಓಡಲು ನರಿಗೆ ಬೇಕಾದಷ್ಟು ಹೊತ್ತಿತ್ತು. ಆಸೆ ಬಿಡಬೇಕಲ್ಲ! ಒಂದು ಅಲೆ ಕಾಲು ತೋಯಿಸಿತು. ಮುಂದಿನದು ಹೊದ್ದ ಎಲೆಗಳನ್ನೆಲ್ಲ ಬಾಚಿಕೊಂಡು ಹೋಯಿತು. ಅದರ ಹಿಂದೆ ಬಂದದ್ದು ನರಿಯನ್ನೇ ಎಳೆಯಿತು. ನರಿ ಉಪ್ಪುನೀರು ಕುಡಿಯುತ್ತ ಗೋಳಾಡಿತು.

ಚಿಮ್ಮಿಗೆ ಪಾಪ ಅನ್ನಿಸಿತು. ಸಂದಿಯಿಂದಲೇ ಕೂಗಿತು: "ನರಿ ಮಾವಾ, ನಿನ್ನ ಪಕ್ಕದಲ್ಲಿರೋ ಕಳೆ ಕಚ್ಚಿ ಹಿಡ್ಕೋ. ಇಷ್ಟು ಅಲೆ ಬಂದರೂ ಅದು ಅಲ್ಲೇ ಇದೆ."

ನರಿ ಕಚ್ಚಿ ಹಿಡಿಯಿತು. ಅಲೆ ಎಳೆಯಿತು, ಕಳೆ ಬಂಡೆ ಬಿಡಲಿಲ್ಲ. ನೀರು ಸರಿದ ಕೂಡಲೇ ನರಿ ಮೇಲೆ ಹತ್ತಿ, ಚಿಮ್ಮಿಯ ಮುಖ ನೋಡಲಾಗದೆ ತಲೆ ತಗ್ಗಿಸಿಕೊಂಡು ಕಾಡಿಗೆ ಹೋಯಿತು.

ನರಿಯ ಭಾರಕ್ಕೂ ಕಿತ್ತು ಬರದ ಕಳೆ ಅದು. ಆದರೂ ತಾಯಿ ಏಡಿ ಇನ್ನೊಮ್ಮೆ ಎಳೆದು ನೋಡಿಯೇ ಮಗಳನ್ನು ಅದರಡಿ ಮಲಗಿಸಿತು.

ನೀತಿ: ವೇಷವನ್ನು ಯಾರು ಬೇಕಾದರೂ ಹಾಕಬಹುದು, ಕಷ್ಟದಲ್ಲೂ ಜಾಗ ಬಿಡದವರನ್ನೇ ನಂಬಬೇಕು.