ನೆರಳಿನ ಸರದಿ

“ಗೊತ್ತಿರುವುದನ್ನು ಮತ್ತೆ ಅಳೆಯುವುದು ಯಾಕೆ, ಗುರುಗಳೇ?” ಎಂದು ಕೊಟ್ರೇಶ ಕೇಳಿದ.

ಅವನು ಮಠದ ಶಾಲೆಯಲ್ಲಿ ಮಕ್ಕಳಿಗೆ ಬೆಳಕು, ನೆರಳಿನ ಪಾಠ ಹೇಳುತ್ತಿದ್ದ. ಉತ್ತರ ಪುಸ್ತಕದಲ್ಲಿತ್ತು, ಅವನಿಗೂ ಬಾಯಿಪಾಠವಿತ್ತು. ಮಕ್ಕಳು ಮಾತ್ರ ಅಂಗಳದಲ್ಲಿ ಕೋಲು ನೆಟ್ಟು, ಕನ್ನಡಿ ಹಿಡಿದು, ತಾವೇ ನೋಡಿ ತಿಳಿಯುತ್ತೇವೆಂದು ಹಟ ಹಿಡಿದಿದ್ದರು. ಪಾಠ ಮುಂದೆ ಸಾಗದೆ ಅವನಿಗೆ ತಲೆ ಕೆಟ್ಟಿತ್ತು.

ಗುರುಗಳು ಅವನನ್ನು ಕೂರಿಸಿಕೊಂಡು ಕತೆ ಹೇಳಿದರು.

ಒಂದೂರಿನ ತುಂಬ ಎಲೆಬಳ್ಳಿಯ ತೋಟಗಳಿದ್ದವು. ಎಲ್ಲಕ್ಕೂ ಸೇರಿ ಕೆರೆಯ ಕಾಲುವೆ ಒಂದೇ. ಬೆಳಗಿನಿಂದ ನಡುಹಗಲಿನವರೆಗೆ ನೀರು ಆ ಊರಿನದು, ಆಮೇಲೆ ಕೆಳಗಿನ ಊರಿನದು. ಹಂಚಿಕೆಯಲ್ಲಿ ಜಗಳವಾಗಬಾರದೆಂದು ಹಿರಿಯರು ಒಂದು ಕಲ್ಲುಕಂಬ ನೆಟ್ಟು, ಅದರ ಸುತ್ತ ಸಮ ಅಂತರದಲ್ಲಿ ಸುತ್ತುಗೆರೆಗಳನ್ನು ಕೊರೆಸಿದ್ದರು. ಬೆಳಗಿನ ಉದ್ದ ನೆರಳು ಕುಗ್ಗುತ್ತ ಕುಗ್ಗುತ್ತ ಒಂದು ಗೆರೆಯಿಂದ ಅದರ ಒಳಗಿನ ಗೆರೆಗೆ ಬರುವಷ್ಟು ಹೊತ್ತು ಒಂದು ತೋಟಕ್ಕೆ ನೀರು. ಗೆರೆಗಳ ಅಂತರ ಸಮ, ಹಾಗಾಗಿ ನೀರೂ ಸಮ ಎಂದು ಊರು ನೆಮ್ಮದಿಯಾಗಿತ್ತು.

ಬೆಳಗಿನ ಮೊದಲ ಸರದಿ ಒಬ್ಬ ರೈತನದು. ನಡುಹಗಲಿನ ಕೊನೆಯ ಸರದಿ ಊರಗೌಡನದು. ಗೌಡನ ಬಳ್ಳಿ ಕಣ್ಣು ತಣಿಯುವಂತೆ ಹಬ್ಬುತ್ತಿತ್ತು. ರೈತನ ಬಳ್ಳಿ ಎಷ್ಟು ದುಡಿದರೂ ಹಳದಿ ತಿರುಗುತ್ತಿತ್ತು. ಗೌಡನ ಕೈಗುಣ ದೊಡ್ಡದು, ಇವನ ಕೈಗುಣ ಸರಿಯಿಲ್ಲ ಎಂದು ಜನ ಆಡಿಕೊಂಡರು. ನೆರೆಹೊರೆಯವರು ತಮ್ಮ ತೋಟದಲ್ಲಿ ಸಸಿ ಇಳಿಸುವ ದಿನ ಇವನನ್ನು ಕರೆಯುವುದನ್ನೇ ಬಿಟ್ಟರು. ತೋಟ ಹಾಳಾಗುವುದಕ್ಕಿಂತ ಆ ಮಾತೇ ಅವನನ್ನು ಹೆಚ್ಚು ಕೊರೆಯಿತು. ಯಾರೋ ನೀರು ಕದಿಯುತ್ತಿದ್ದಾರೆಂದು ಕಾಲುವೆಯ ಉದ್ದಕ್ಕೂ ಕಾದು ನೋಡಿದ. ಯಾರೂ ಕದಿಯುತ್ತಿರಲಿಲ್ಲ.

ಹೊಸದಾಗಿ ಇಳಿಸಿದ ಬಳ್ಳಿಗೆ ತಳ ತೂತಾದ ಕೊಡದಿಂದ ಹನಿ ಬಿಡುವುದು ಅವನ ರೂಢಿ. ಒಂದು ಬೆಳಿಗ್ಗೆ ತನ್ನ ಸರದಿ ಶುರುವಾದಾಗ ಕೊಡ ತುಂಬಿಟ್ಟ. ಸರದಿ ಮುಗಿದಾಗ ಕೊಡದ ಕುತ್ತಿಗೆಯಷ್ಟೇ ಬರಿದಾಗಿತ್ತು. ಗೌಡನ ಸರದಿ ಬಂದಾಗ ಮತ್ತೆ ತುಂಬಿಟ್ಟ. ಕೊಡ ಪೂರ್ತಿ ಬರಿದಾಯಿತು, ಗೌಡನ ತೋಟಕ್ಕೆ ನೀರು ಇನ್ನೂ ಹರಿಯುತ್ತಲೇ ಇತ್ತು.

ತನ್ನ ಸರದಿ ಗೌಡನದಕ್ಕಿಂತ ಎಷ್ಟೋ ಚಿಕ್ಕದೆಂದು ರೈತನಿಗೆ ಹೊಳೆಯಿತು. ಆದರೂ ಅವನು ಕೂಗಾಡುತ್ತ ಊರೊಳಗೆ ಓಡಲಿಲ್ಲ. ತೂತಿಗೆ ಕಸ ಸಿಕ್ಕಿರಬಹುದೆಂದು ಕೊಡ ಬದಲಿಸಿದ. ಊರಿನ ಕಂಬವೇ ವಾಲಿರಬಹುದೆಂದು ತನ್ನ ಅಂಗಳದಲ್ಲಿ ಬೇರೆ ಕೋಲು ನೆಟ್ಟು ಗೆರೆ ಎಳೆದ. ಗಿಡ್ಡ ಕೋಲು ತೆಗೆದು ಉದ್ದ ಕೋಲು ನೆಟ್ಟ. ಯಾವ ಕೋಲಾದರೂ ಬೆಳಗಿನ ನೆರಳು ಗೆರೆಗಳನ್ನು ಓಡುತ್ತ ದಾಟುತ್ತಿತ್ತು, ನಡುಹಗಲಿನ ನೆರಳು ತೆವಳುತ್ತ ದಾಟುತ್ತಿತ್ತು.

“ಬಳ್ಳಿ ಸಾಯಾಕ ಹತ್ಯಾವು, ನೀವು ನೆರಳಿನ ಬೆನ್ನು ಹತ್ತೀರಿ,” ಎಂದಳು ಅವನ ಹೆಂಡತಿ.

ಅವನು ಅವಳ ಕೈಗೆ ದೀಪ ಕೊಟ್ಟು, ಮನೆಯೊಳಗೆ ನೆಲದ ಮೇಲೆ ಒಂದು ಒನಕೆ ನಿಲ್ಲಿಸಿದ. ದೀಪವನ್ನು ನೆಲದ ಹತ್ತಿರದಿಂದ ಮೆಲ್ಲಗೆ ಮೇಲೆತ್ತಲು ಹೇಳಿದ. ಅವಳು ಗೇಣೆತ್ತರ ಎತ್ತಿದ್ದೇ ತಡ, ಗೋಡೆ ಮುಟ್ಟಿದ್ದ ನೆರಳು ಸರ್ರನೆ ಹಿಂದೆ ಸರಿಯಿತು. ಮೇಲೆ ಮೇಲೆ ಎತ್ತಿದಂತೆ ನೆರಳು ಸರಿಯುವುದು ಕಡಿಮೆಯಾಗುತ್ತ ಬಂತು. ಅವಳು ದೀಪ ಇಳಿಸಿ, ಇನ್ನೊಮ್ಮೆ ಎತ್ತಿ ನೋಡಿದಳು. ಆಮೇಲೆ ಅವಳು ಅವನನ್ನು ಛೇಡಿಸಲಿಲ್ಲ.

ಮರುದಿನ ರೈತ ಗೌಡನ ಮನೆಗೆ ಹೋಗಿ ವಿಷಯ ತಿಳಿಸಿದ.

ಗೌಡ ಕೆಟ್ಟವನಲ್ಲ. ಆದರೂ ಅವನಿಗೆ ಸಿಟ್ಟು ಬಂತು. “ಆ ಕಂಬ ನಮ್ಮ ಮುತ್ತಜ್ಜನ ಕಾಲದ್ದು. ನೆರಳಿಗೆ ಯಾರ ಮ್ಯಾಲ ಪ್ರೀತಿ, ಯಾರ ಮ್ಯಾಲ ಹಗೆ?”

“ನೆರಳಿಗಿಲ್ಲ, ಗೆರಿ ಎಳದವರಿಗೂ ಇರಲಿಲ್ಲ. ಆದರೂ ನನ್ನ ಬಳ್ಳಿ ಒಣಗ್ಯಾವು. ನಾಳಿ ಕಂಬದ ಹತ್ರ ಕೊಡ ತಂದು ಇಡ್ತೀನಿ, ನಿಮ್ಮ ಕಣ್ಣಾಗ ನೀವ ನೋಡ್ರಿ,” ಎಂದ ರೈತ.

ಮರುದಿನ ಊರೇ ಕಂಬದ ಸುತ್ತ ನೆರೆಯಿತು. ಕೆಲವರು ನಗಲೆಂದೇ ಬಂದಿದ್ದರು. ಗೌಡ ತಾನೇ ತೂತಿಗೆ ಬೆರಳಿಟ್ಟು ಪರೀಕ್ಷಿಸಿ, ತಾನೇ ಕೊಡ ತುಂಬಿದ. ರೈತನ ಸರದಿಗೆ ಕೊಡದ ಕುತ್ತಿಗೆ ಬರಿದಾಯಿತು. ಗೌಡನ ಸರದಿಗೆ ಇಡೀ ಕೊಡ ಬರಿದಾಗಿ ಇನ್ನೊಮ್ಮೆ ತುಂಬಬೇಕಾಯಿತು. ನಗಲು ಬಂದವರು ನೆಲ ನೋಡುತ್ತ ನಿಂತರು. ಇಷ್ಟು ಕಾಲ ಜನ ಹೊಗಳಿದ ತನ್ನ ಕೈಗುಣ ಇದೇ ಎಂದು ತಿಳಿದು ಗೌಡನಿಗೆ ನಾಚಿಕೆಯಾಯಿತು.

“ನಾಳಿಯಿಂದ ನನ್ನ ಸರದಿ ನಿನಗ, ನಿನ್ನದು ನನಗ,” ಎಂದ.

ರೈತನ ಜೀವ ಹಿಗ್ಗಿತು. ಒಂದು ಹೂಂ ಎಂದರೆ ಸಾಕಿತ್ತು, ತೋಟ ಉಳಿಯುತ್ತಿತ್ತು. ಹೆಂಡತಿ ಹಿಂದಿನಿಂದ ಅವನ ತೋಳು ಹಿಡಿದಳು. ಅವನು ಕಂಬದ ಕಡೆ ನೋಡಿ ತಲೆಯಾಡಿಸಿದ.

“ಬ್ಯಾಡ್ರಿ ಗೌಡ್ರ. ಆಗ ನಿಮ್ಮ ಬಳ್ಳಿ ಒಣಗ್ತಾವು, ನಿಮ್ಮ ಕೈಗುಣ ಕೆಟ್ಟಿತು ಅಂತಾರ. ಅಳತಿನೇ ಬದಲಾಗಲಿ.”

ಊರು ಒಪ್ಪಿತು. ಕಂಚುಗಾರನಿಂದ ಮೇಲೆ ಕೆಳಗೆ ಒಂದೇ ಅಗಲದ ದೊಡ್ಡ ಕೊಳಗ ಮಾಡಿಸಿ, ತಳಕ್ಕೆ ಸಣ್ಣ ತೂತು ಕೊರೆಸಿದರು. ಒಳಗೆ ಮೇಲಿನಿಂದ ಕೆಳಗಿನವರೆಗೆ ಸಮ ಅಂತರದಲ್ಲಿ ಗೆರೆ ಹಾಕಿಸಿದರು. ಬೆಳಿಗ್ಗೆ ಕೊಳಗ ತುಂಬುವುದು, ನೀರು ಒಂದು ಗೆರೆ ಇಳಿಯುವಷ್ಟು ಹೊತ್ತು ಒಂದು ತೋಟದ ಸರದಿ. ಇನ್ನು ಹಿಂದು ಮುಂದು ಎಲ್ಲ ಒಂದೇ ಆಯಿತಲ್ಲ ಎಂದು ಗೌಡ ತಾನೇ ಮೊದಲ ಸರದಿ ತೆಗೆದುಕೊಂಡು, ಕೊನೆಯದನ್ನು ರೈತನಿಗೆ ಬಿಟ್ಟ. ರೈತನ ಬಳ್ಳಿ ಹಸಿರಾಯಿತು. ಸಸಿ ಇಳಿಸುವ ದಿನ ಜನ ಅವನನ್ನು ಕರೆಯತೊಡಗಿದರು.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು. ಕೊಟ್ರೇಶನ ಮುಖ ಅರಳಿತು.

“ಅಂತೂ ಸರಿಯಾದ ಅಳತೆ ಸಿಕ್ಕಿತು. ಅಲ್ಲಿಗೆ ಅವನ ಹುಡುಕಾಟ ಮುಗಿಯಿತು,” ಎಂದ.

“ಕೊಳಗ ತುಂಬಿದ್ದಾಗ ನೀರು ಬೇಗ ಇಳಿಯುತ್ತದೆ, ತಳ ಮುಟ್ಟುವಾಗ ನಿಧಾನ, ಹಾಗಾಗಿ ಈಗ ಹೆಚ್ಚು ನೀರು ತನಗೇ ಬರುತ್ತಿದೆ ಎಂದು ಮರುವರ್ಷ ಊರಿಗೆ ಹೇಳಿದವನೂ ಆ ರೈತನೇ,” ಎಂದರು ಗುರುಗಳು.

ಕೊಟ್ರೇಶ ಎದ್ದು, ಮಕ್ಕಳಿಗೆ ನೆಡಲು ಒಂದು ಕೋಲು ಹುಡುಕಿಕೊಂಡು ಅಂಗಳಕ್ಕೆ ನಡೆದ.